ಟೊಂಗೆಗಳಿಲ್ಲದ ಪಂಚನಾಮೆ

2024ರ ನವೆಂಬರ್ 12, ಮಂಗಳವಾರ. ಸಂಜೆ 7 ಗಂಟೆ 50 ನಿಮಿಷಕ್ಕೆ ಖಾನಾಪುರ ಠಾಣೆಗೆ ಬಂದ ರೂಪಾಲಿ ಗುರವ ಫಿರ್ಯಾದಿ ಬರೆಸುವಾಗ ಅಳಲಿಲ್ಲ. ಅವಳ ಹಿಂದೆ ಬಂದಿದ್ದ ಹದಿನೈದಿಪ್ಪತ್ತು ಗಂಡಸರು ಅಳು, ಕೂಗಾಟ, ಬೈಗುಳ ಎಲ್ಲವನ್ನೂ ತಾವೇ ವಹಿಸಿಕೊಂಡಿದ್ದರು.

ಅವಳ ಗಂಡ ಲಕ್ಷ್ಮಣ, ವಯಸ್ಸು ಮೂವತ್ತೆಂಟು, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಪಾಳಿ ಮುಗಿಸಿಕೊಂಡು ಬೈಕ್ ಮೇಲೆ ಊರಿಗೆ ಬರುತ್ತಿದ್ದವನು, ಗಣೇಬೈಲ್ ಟೋಲ್ ನಾಕಾ ದಾಟಿ ಎರಡು ಕಿಲೋಮೀಟರಿನಲ್ಲಿ ಕೆಟ್ಟು ನಿಂತಿದ್ದ ಸಿಮೆಂಟ್ ಲಾರಿಯ ಬೆನ್ನಿಗೆ ಅಪ್ಪಳಿಸಿ ಸ್ಥಳದಲ್ಲೇ ಸತ್ತಿದ್ದ. ಸಮಯ 6 ಗಂಟೆ 35 ನಿಮಿಷ. ಲಾರಿಯ ಹತ್ತಿರ ಡ್ರೈವರ್ ಇರಲಿಲ್ಲ. ಮುಕ್ಕಾಲು ತಾಸಿನ ನಂತರ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದವನಿಗೆ ಜನ ಕೈಗೆ ಸಿಕ್ಕಷ್ಟು ಬಡಿದಿದ್ದರು. ಹೆಡ್ ಕಾನ್‌ಸ್ಟೆಬಲ್ ಈರಯ್ಯ ಅವನನ್ನು ಹೇಗೋ ಜೀಪಿನೊಳಕ್ಕೆ ತಳ್ಳಿ ಠಾಣೆಗೆ ತಂದಿದ್ದ.

"ಒನ್ ನಾಟ್ ಫೈವ್ ಹಾಕ್ರಿ ಬಾಯಾರ," ಎಂದು ಗುಂಪಿನಲ್ಲಿದ್ದವನೊಬ್ಬ ಮೇಜು ಗುದ್ದಿದ. "ಹಾದ್ಯಾಗ ಲಾರಿ ಬಿಟ್ಟ ಹೋಗ್ಯಾನ. ಮಂದಿ ಸಾಯ್ತಾರಂತ ಅವಗ ಗೊತ್ತಿರಲಿಲ್ಲೇನು?"

ಇನ್ಸ್‌ಪೆಕ್ಟರ್ ಪ್ರಮಿಳಾ ದಳವಾಯಿ ಮೇಜಿನ ಮೇಲಿದ್ದ ಅವನ ಕೈಯನ್ನು ನೋಡಿದಳು. ಆತ ಕೈ ಎತ್ತಿಕೊಂಡ. ಅವನು ಕೇಳಿದ್ದು ಸಣ್ಣ ಮಾತಾಗಿರಲಿಲ್ಲ. ಕಲಂ 106 ಎಂದರೆ ನಿರ್ಲಕ್ಷ್ಯದಿಂದಾದ ಸಾವು, ಜಾಮೀನು ಸಿಗುತ್ತದೆ. ಕಲಂ 105 ಎಂದರೆ ಜೀವ ಹೋಗಬಹುದು ಎಂದು ತಿಳಿದೂ ಮಾಡಿದ ಕೃತ್ಯ. ಠಾಣೆಯಿಂದ ಸೀದಾ ಹಿಂಡಲಗಾ ಜೈಲು. ಈಗಿನ ಮಟ್ಟಿಗೆ 106ರಲ್ಲಿ ಎಫ್‌ಐಆರ್ ದಾಖಲಾಯಿತು. ನಾಳೆ ಸಂಜೆಯೊಳಗೆ ಡ್ರೈವರನನ್ನು ನ್ಯಾಯಾಲಯದ ಮುಂದೆ ನಿಲ್ಲಿಸಬೇಕು, ಅಷ್ಟರೊಳಗೆ ಯಾವ ಕಲಂ ಎಂದು ಅವಳು ತೀರ್ಮಾನಿಸಬೇಕು.

ಡ್ರೈವರ್ ಗನಿ ಸನದಿ, ಪಾರಿಶ್ವಾಡದವನು, ನಲವತ್ತನಾಲ್ಕು ವರ್ಷ. ತುಟಿ ಒಡೆದು ಬಾತಿತ್ತು.

"ಲಾರಿ ಯಾವಾಗ ಕೆಡ್ತು?"

"ಐದ ಹೊಡದ ಹತ್ತ ಮಿನೀಟ ಆಗಿತ್ರಿ. ಹಿಂದಿನ ಸ್ಪ್ರಿಂಗ್ ಪಾಟಾ ಮುರೀತು. ತುಂಬಿದ ಲೋಡ್ ರೀ, ಒಂದ ಗೇಣ ಸರೀಲಿಲ್ಲ."

"ಹಿಂದಿನ ಲೈಟ್ ಯಾಕ ಹಚ್ಚಲಿಲ್ಲ?"

"ಬ್ಯಾಟರಿ ಇಳದಿತ್ರಿ."

"ಕೆಂಪು ತ್ರಿಕೋನ ಬೋರ್ಡು?"

ಗನಿ ನೆಲ ನೋಡಿದ. "ಮಾಲಕ್ರು ಕೊಟ್ಟಿಲ್ರಿ. ಆದ್ರ ಟೊಂಗಿ ಹಾಕಿದ್ನಿ ಬಾಯಾರ. ಆರು ಟೊಂಗಿ. ಲಾರಿಯಿಂದ ಹಿಂದ ಅರವತ್ತ ಹೆಜ್ಜಿತನಾ ಹಾಕಿದ್ನಿ. ಟೊಂಗಿ ಹಾಕದ ಲಾರಿ ಬಿಟ್ಟ ಹೋಗೂ ಮನಷ್ಯಾ ಅಲ್ರಿ ನಾ."

ಈ ಭಾಗದಲ್ಲಿ ಲಾರಿ ಓಡಿಸುವವರು ಯಾವ ಪುಸ್ತಕವನ್ನೂ ಓದದೆ ಕಲಿತ ಪಾಠವಿದು. ಗಾಡಿ ಕೆಟ್ಟರೆ ಚಕ್ರಕ್ಕೆ ಕಲ್ಲು, ಹಿಂದೆ ದೂರದವರೆಗೆ ಸೊಪ್ಪಿನ ಟೊಂಗೆ. ರಸ್ತೆಯಲ್ಲಿ ಹಸಿರು ಬಿದ್ದದ್ದು ಕಂಡರೆ ಬರುವವನು ತಾನಾಗಿ ವೇಗ ತಗ್ಗಿಸುತ್ತಾನೆ.

ಪ್ರಮಿಳಾ ಪಂಚನಾಮೆಯನ್ನು ಎಳೆದುಕೊಂಡು ಓದಿದಳು. ಈರಯ್ಯನ ಕೈಬರಹ, ಇಬ್ಬರು ಪಂಚರ ಸಹಿ. 'ಲಾರಿಯ ಹಿಂಚಕ್ರಗಳಿಗೆ ಎರಡು ಕಲ್ಲುಗಳನ್ನು ಇಟ್ಟಿದ್ದು, ರಸ್ತೆಯ ಮೇಲೆ ಬೇರೆ ಯಾವುದೇ ಸೂಚನಾ ವಸ್ತು ಕಂಡುಬಂದಿರುವುದಿಲ್ಲ.'

"ಆರು ಟೊಂಗಿ ರೆಕ್ಕಿ ಹಚ್ಕೊಂಡು ಹಾರಿಹೋದ್ವೇನು?"

"ನನಗ ಗೊತ್ತಿಲ್ರಿ."

ಈರಯ್ಯ ಅವಳ ಕಿವಿಯ ಹತ್ತಿರ ಬಗ್ಗಿದ. "ಮೇಡಮ್ಮಾರ, ಆ್ಯಕ್ಸಿಡೆಂಟ್ ಆದ ಮ್ಯಾಲ ಎಲ್ಲಾ ಡ್ರೈವರೂ ಟೊಂಗಿ ಹಾಕಿದವ್ರ."

ಅದು ಪ್ರಮಿಳಾಳಿಗೂ ಗೊತ್ತಿತ್ತು. ಹನ್ನೊಂದು ವರ್ಷದ ನೌಕರಿಯಲ್ಲಿ ಯಾರ ಮೊದಲ ಮಾತನ್ನೂ ನಂಬದಿರುವುದು ಅವಳಿಗೆ ಚಟವೇ ಆಗಿತ್ತು. ಮನೆಯಲ್ಲಿ ಅಡುಗೆಗೆ ಉಪ್ಪು ಹಾಕಿದೆ ಎಂದು ಗಂಡ ಹೇಳಿದರೂ ರುಚಿ ನೋಡಿಯೇ ಬಡಿಸುವವಳು. ಆದರೆ ಗನಿಯ ಮುಂಗೈ ಮೇಲಿನ ಕೂದಲು ಅಲ್ಲಲ್ಲಿ ಗಂಟುಗಟ್ಟಿ ಅಂಟಿಕೊಂಡಿದ್ದವು. ಅಂಗಿಯ ತೋಳಿನ ತುದಿಯಲ್ಲಿ ಕಂದು ಕಲೆ.

"ಇದೇನು?"

"ಆಲದ ಹಾಲ್ರಿ. ಕಡಿಯೂಮುಂದ ಸಿಡೀತು."

ಅಂಗಿಯನ್ನು ಬೇರೆ ಪಂಚನಾಮೆಯಡಿ ಜಪ್ತಿ ಮಾಡಲಾಯಿತು. ಹಾಗೆಂದು ಪ್ರಮಿಳಾ ಕರಗಿಬಿಡಲಿಲ್ಲ. ಕಡಿದದ್ದು ನಿಜವಿರಬಹುದು, ಹಾಕಿದ್ದು ನಿಜವೆಂದು ಅಂಗಿ ಹೇಳುವುದಿಲ್ಲವಲ್ಲ.

ಹೊರಗೆ ಜಗುಲಿಯ ಮೇಲೆ ಗನಿಯ ಹೆಂಡತಿ ಸಾಯಿರಾ ಬುತ್ತಿಯ ಡಬ್ಬಿ ಹಿಡಿದು ಕುಳಿತಿದ್ದಳು. ಇನ್ಸ್‌ಪೆಕ್ಟರ್ ಬಂದದ್ದು ಕಂಡು ಎದ್ದಳು. "ಬಾಯಾರ, ಅವ್ರದು ತಪ್ಪಿದ್ರ ದಂಡಾ ಹಾಕ್ರಿ. ಜೈಲಿಗೆ ಕಳಸಬ್ಯಾಡ್ರಿ. ಲೈಸನ್ಸ್ ಹೋದ್ರ ಆ ಮನಷ್ಯಾ ಉಳಿಯಾಂಗಿಲ್ಲ. ಗಾಡಿ ಬಿಟ್ರ ಅವ್ರಿಗೆ ಏನೂ ಬರೂದಿಲ್ಲ."

"ನಾಳೆ ನೋಡೂಣು. ಡಬ್ಬಿ ಒಳಗ ಕೊಡು," ಎಂದಳು ಪ್ರಮಿಳಾ.

ನವೆಂಬರ್ 13, ಬುಧವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ಪ್ರಮಿಳಾ ಮತ್ತು ಈರಯ್ಯ ಹೊಸ ಪಂಚರೊಡನೆ ಸ್ಥಳದಲ್ಲಿದ್ದರು. ಚತುಷ್ಪಥ ಮಾಡುವಾಗ ಈ ರಸ್ತೆಯ ಎರಡೂ ಬದಿಯ ಮರಗಳನ್ನು ಬೋಳಿಸಿಬಿಟ್ಟಿದ್ದರು. ಕಣ್ಣು ಹಾಯುವಷ್ಟು ದೂರ ಉಳಿದಿದ್ದದ್ದು ಗಟಾರದ ಆಚೆಗಿನ ಒಂದೇ ಒಂದು ಆಲದ ಮರ. ಅದರ ಕೆಳಭಾಗದಲ್ಲಿ, ಕೈಗೆಟುಕುವ ಎತ್ತರದಲ್ಲಿ, ಟೊಂಗೆ ಕಡಿದ ಹಸಿ ಗುರುತುಗಳಿದ್ದವು. ಪ್ರಮಿಳಾ ಬೆರಳು ಮಡಚುತ್ತ ಎಣಿಸಿದಳು. ಆರು.

ಈರಯ್ಯ ಡಾಂಬರಿನ ಮೇಲೆ ಮೊಣಕಾಲೂರಿ ಹುಡುಕುತ್ತ ಹಿಂದಕ್ಕೆ ಸರಿದ. ಐವತ್ತೆಂಟನೆಯ ಹೆಜ್ಜೆಯ ಹತ್ತಿರ ನಿಂತು ಕೂಗಿದ. ಒಣಗಿ ಹೋದ ಬಿಳಿ ಹಾಲಿನ ಹನಿಗಳು, ಚಕ್ರಕ್ಕೆ ಸಿಕ್ಕು ಚಪ್ಪಟೆಯಾದ ಎರಡು ಎಲೆ. ಇಪ್ಪತ್ತು ಹೆಜ್ಜೆ ಈಚೆಗೆ ಮತ್ತಷ್ಟು ಹನಿ. ಅಲ್ಲಿಂದ ರಸ್ತೆಯ ಅಂಚಿನ ಧೂಳಿನಲ್ಲಿ ಬಾರಿಗೆಯಿಂದ ಗುಡಿಸಿದಂತೆ ಅಗಲವಾದ ಗೆರೆಗಳು ಮೂಡಿ, ಕೆಳಗಿನ ಕಾಲುದಾರಿಗೆ ಇಳಿದು, ಹುಲ್ಲಿನಲ್ಲಿ ಕಾಣದಾಗಿದ್ದವು.

ಈರಯ್ಯ ಎದ್ದು ಮೊಣಕಾಲು ಒರೆಸಿಕೊಂಡ. "ರಾತ್ರಿ ಬ್ಯಾಟರಿ ಬೆಳಕಿನ್ಯಾಗ ಬರದ್ನಿ ಮೇಡಮ್ಮಾರ. ಇದು ಕಾಣಲಿಲ್ಲ ನನಗ." ಅವನ ಮುಖ ಸಣ್ಣದಾಗಿತ್ತು. "ಹಾಕಿದ್ದು ಖರೇ ಐತಿ. ಯಾರೋ ಎಳಕೊಂಡ ಹೋಗ್ಯಾರ."

"ಯಾರು? ಯಾಕ?"

ಲಾರಿ ನಿಂತಿದ್ದಲ್ಲಿಂದ ನೂರು ಹೆಜ್ಜೆ ದೂರದಲ್ಲಿ ಸಾತವ್ವನ ಚಹಾದ ಅಂಗಡಿ ಇತ್ತು. ಅದರ ಹಿಂದೆ ಎರಡು ಆಡು ಕಟ್ಟಿದ್ದವು. ಆಡು ಕಂಡ ಕೂಡಲೇ ಪ್ರಮಿಳಾಳ ಅನುಮಾನಕ್ಕೆ ದಾರಿ ಸಿಕ್ಕಿತು. ಅವುಗಳ ಮುಂದೆ ಬಿದ್ದಿದ್ದ ಸೊಪ್ಪನ್ನು ಕಾಲಿನಿಂದ ಸರಿಸಿ ನೋಡಿದಳು. ಹಲಸಿನದು.

"ನಿನ್ನಿ ಸಂಜಿಕ ಅಂಗಡಿ ತಗದಿತ್ತೇನು?"

"ದಿನಾ ತಗದಿರ್ತೈತ್ರಿ."

"ರಸ್ತಾದಾಗ ಟೊಂಗಿ ಬಿದ್ದದ್ದು ಕಂಡಿಯೇನು?"

"ನಾ ಒಲಿ ಮುಂದ ಇರ್ತೀನ್ರಿ. ಹಾದಿ ನೋಡ್ಕೋತ ಕುಂತ್ರ ಹಾಲು ಉಕ್ಕತೈತಿ."

"ಟೊಂಗಿ ಇದ್ರ ಗಾಡಿಯವ್ರು ಆ ಬಾಜು ಹೊಕ್ಕಾರ, ನಿನ್ನ ಅಂಗಡಿಗೆ ಬರೂದಿಲ್ಲ. ಅದಕ್ಕ ತಗದಿಯೇನು?"

ಸಾತವ್ವ ಸೆಟೆದು ನಿಂತಳು. "ಎರಡ ಕಪ್ ಚಾದ ಸಲುವಾಗಿ ನಾ ಮಂದಿ ಕೊಲ್ಲಾಕಿ ಅಲ್ಲ ಬಾಯಾರ." ಹೇಳಿದ ಮೇಲೆ ಮಾತ್ರ ಅವಳ ಕಣ್ಣು ಕಾಲುದಾರಿಯ ಕಡೆಗೆ ಹೋಗಿ ಥಟ್ಟನೆ ಒಲೆಗೆ ವಾಪಸು ಬಂತು. ಪ್ರಮಿಳಾ ಅದನ್ನು ನೋಡಿದಳು, ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ.

ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಟೋಲ್ ನಾಕಾದ ಕ್ಯಾಮರಾ ನೋಡಿದರು. ಹಿಂದಿನ ಸಂಜೆ 6 ಗಂಟೆ 32 ನಿಮಿಷಕ್ಕೆ ಒಂದು ದೊಡ್ಡ ಕಂಟೇನರ್ ಲಾರಿ ಹೊರಟಿತ್ತು. ಅದರ ಬೆನ್ನಿಗೆ ಅಂಟಿಕೊಂಡಂತೆ ಲಕ್ಷ್ಮಣನ ಬೈಕು. ನಡುವೆ ಎರಡು ಮಾರು ಜಾಗವಿದ್ದರೆ ಹೆಚ್ಚು. ನಾಕಾದ ದಾಖಲೆಯಿಂದ ಕಂಟೇನರ್ ಚಾಲಕನ ನಂಬರು ಸಿಕ್ಕಿತು. ಅವನಾಗಲೇ ಗೋವಾದಲ್ಲಿದ್ದ. ಹಿಂದಿಯಲ್ಲಿ ಹೇಳಿದ್ದಿಷ್ಟು: ರಸ್ತೆಯಲ್ಲಿ ಟೊಂಗೆ, ಲೈಟು ಏನೂ ಇರಲಿಲ್ಲ; ಸಿಮೆಂಟ್ ಲಾರಿ ಕಂಡಾಗ ತೀರ ಹತ್ತಿರವಾಗಿತ್ತು; ಸ್ಟಿಯರಿಂಗ್ ಬಲಕ್ಕೆ ಎಳೆದು ಹೇಗೋ ಪಾರಾದೆ; ಹಿಂದೆ ಬೈಕ್ ಇದ್ದದ್ದು ತನ್ನ ಯಾವ ಕನ್ನಡಿಯಲ್ಲೂ ಕಾಣಲಿಲ್ಲ.

ಅಲ್ಲಿಗೆ ಆದದ್ದು ಹೇಗೆಂದು ತಿಳಿಯಿತು. ದೊಡ್ಡ ಗಾಡಿಯ ಬೆನ್ನಿಗೆ ಬಿದ್ದವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಆ ಗಾಡಿಯ ಬಾಗಿಲಷ್ಟೇ ಕಾಣುತ್ತದೆ. ಕಂಟೇನರ್ ಬಲಕ್ಕೆ ಸರಿದ ಕ್ಷಣದಲ್ಲಿ ಲಕ್ಷ್ಮಣನ ಎದುರಿಗೆ ನಿಂತ ಲಾರಿ. ಬ್ರೇಕ್ ಒತ್ತುವುದಕ್ಕೂ ಪುರಸೊತ್ತಿಲ್ಲ. ಟೊಂಗೆಗಳಿದ್ದಿದ್ದರೆ ಕಂಟೇನರಿನವನು ಅರವತ್ತು ಹೆಜ್ಜೆ ಮೊದಲೇ ಸರಿಯುತ್ತಿದ್ದ, ಹಿಂದಿನವನಿಗೆ ಬದುಕುವಷ್ಟು ರಸ್ತೆ ಸಿಗುತ್ತಿತ್ತು.

ಪ್ರಮಿಳಾ ರೂಪಾಲಿಗೆ ಫೋನ್ ಮಾಡಿದಳು. "ನಿಮ್ಮ ಮನಿಯವರು ಯಾವಾಗೂ ದೊಡ್ಡ ಗಾಡಿ ಹಿಂದ ಬರ್ತಿದ್ರೇನು?"

"ಥಂಡಿ ದಿನದಾಗ ಹೌದ್ರಿ," ಎಂದಳು ರೂಪಾಲಿ. "ಗಾಳಿ ಹತ್ತೂದಿಲ್ಲ, ಗ್ವಾಡಿ ಮರೆಯಾಗ ಕುಂತಂಗ ಆಗತೈತಿ ಅಂತಿದ್ರು. ಸ್ವೆಟರ್ ಹಾಕ್ಕೋರಿ ಅಂದ್ರ ಕೇಳ್ತಿರಲಿಲ್ಲ." ಆಮೇಲೆ ಅವಳೇ ಕೇಳಿದಳು, "ಬಾಯಾರ, ಹಂಗ ಬಂದದ್ದಕ್ಕ ಹೋದ್ರೇನ್ರಿ?"

"ಅದೂ ಒಂದು ಕಾರಣ ಐತಿ ಅವ್ವಾ. ಅದೊಂದ ಅಲ್ಲ."

ಹಾಗೆ ಹೇಳಿದ್ದಕ್ಕೆ ಪ್ರಮಿಳಾಳಿಗೇ ಸಂಕಟವಾಯಿತು. ಸುಳ್ಳು ಹೇಳಿದ್ದರೆ ಇನ್ನೂ ಹೆಚ್ಚು ಆಗುತ್ತಿತ್ತು.

11 ಗಂಟೆ 15 ನಿಮಿಷಕ್ಕೆ ಅವಳು ಮತ್ತೆ ಸಾತವ್ವನ ಅಂಗಡಿಯ ಬೆಂಚಿನ ಮೇಲಿದ್ದಳು. ಈ ಸಲ ಚಹಾ ಕೇಳಿ ತರಿಸಿಕೊಂಡಳು, ಕುಡಿಯುವವರೆಗೆ ಏನೂ ಕೇಳಲಿಲ್ಲ. ಸಾತವ್ವ ತೊಳೆದ ಗ್ಲಾಸನ್ನೇ ಮತ್ತೆ ತೊಳೆಯತೊಡಗಿದಳು.

"ಇಂದ ಸಂಜಿಕ ಆ ಡ್ರೈವರಗ ಒನ್ ನಾಟ್ ಫೈವ್ ಹಾಕಿ ಹಿಂಡಲಗಾಕ್ಕ ಕಳಸ್ತೀನಿ," ಎಂದಳು ಪ್ರಮಿಳಾ. "ಅವ ಟೊಂಗಿ ಹಾಕ್ಯಾನಂತ ನೀನೂ ಬಲ್ಲಿ. ಅವನ ಹೇಣ್ತಿ ನಿನ್ನಿಯಿಂದ ಠಾಣೆದ ಕಟ್ಟಿ ಮ್ಯಾಲ ಕುಂತಾಳ. ನೀ ಬಾಯಿ ಬಿಡದಿದ್ರ ಮುಗೀತು."

ಸಾತವ್ವ ಗ್ಲಾಸು ಕೆಳಗಿಟ್ಟಳು.

"ತಗದದ್ದು ನಾ ನೋಡಿಲ್ರಿ, ದೇವರಾಣಿ. ಬೈಕ್ ಬಡದ ಮ್ಯಾಲ ನಾ ಓಡಿ ಹೋದ್ನಿ. ಮಂದಿ ಕೂಡಿದ್ರು. ಎಲ್ಲಾರ ಹಿಂದ ಭರಮಪ್ಪಜ್ಜ ನಿಂತಿದ್ದ. ಕೈಯಾಗ ಮೂರು ಟೊಂಗಿ. ಅಜ್ಜಾ, ಅದ್ಯಾಕ ಹಿಡದಿ ಅಂದ್ನಿ. ಮಾತಾಡ್ಲಿಲ್ಲ. ತಿರಗಿ ಆ ಹಾದಿ ಹಿಡದ ಹೋದ." ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ನನ್ನ ಅಂಗಡಿ ಎಬ್ಬಸಾಕ ಬಂದಾಗ ಅವನ ಅಡ್ಡ ನಿಂತಾಂವ್ರಿ. ಅವನ ಹೆಸರ ಹೆಂಗ ಹೇಳ್ಲಿ?"

ಕಾಲುದಾರಿಯಲ್ಲಿ ಮುನ್ನೂರು ಹೆಜ್ಜೆ ಹೋದರೆ ಗದ್ದೆಯಂಚಿಗೆ ನಾಲ್ಕು ಮನೆ. ಕೊನೆಯದು ಭರಮಪ್ಪನದು. ಅಂಗಳದ ಬೇಲಿಯ ಉದ್ದಕ್ಕೂ ಆರು ಆಲದ ಟೊಂಗೆಗಳು ಸಾಲಾಗಿ ನಿಂತಿದ್ದವು. ಎಲೆ ಸವರಿ, ಬುಡವನ್ನು ಕುಣಿಯಲ್ಲಿ ಹೂತು, ತುದಿಗೆ ಸಗಣಿ ಮೆತ್ತಲಾಗಿತ್ತು. ಆಲದ ಟೊಂಗೆ ಹಾಗೆ ನೆಟ್ಟರೆ ಬೇರು ಬಿಡುತ್ತದೆ. ಎಪ್ಪತ್ತೊಂದು ವರ್ಷದ ಭರಮಪ್ಪ ಚರಗಿಯಿಂದ ಕೊನೆಯ ಕುಣಿಗೆ ನೀರು ಬಿಡುತ್ತಿದ್ದ. ಖಾಕಿ ಕಂಡು ಚರಗಿ ಕೆಳಗಿಟ್ಟ.

"ಬರ್ರಿ. ರಾತ್ರೇನ ಬರ್ತೀರಂತ ಮಾಡಿದ್ನಿ."

ಈರಯ್ಯ ಕಟ್ಟೆಯ ಮೇಲೆ ಕುಳಿತು ಕಾಗದ ತೆಗೆದ. ಭರಮಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಇದೇ ರಸ್ತೆಯ ತಗ್ಗು ಮುಚ್ಚುತ್ತ, ಬದಿಗೆ ಸಸಿ ನೆಡುತ್ತ ನೌಕರಿ ಮುಗಿಸಿದ್ದ.

"ಮುನ್ನೂರಾ ಹನ್ನೊಂದು ಗಿಡಾ ಹಚ್ಚಿದ್ನಿ ಬಾಯಾರ. ರಸ್ತಾ ಅಗಲ ಮಾಡೂಮುಂದ ಮಶೀನ್ ತಂದು ಎಲ್ಲಾ ಕೆಡವಿದ್ರು. ಇದೊಂದು ಗಟಾರದಾಚೆ ಇತ್ತಂತ ಉಳೀತು. ದಿನಾ ಹೊತ್ತ ಮುಳಗೂದ್ರಾಗ ಒಮ್ಮಿ ಹೋಗಿ ನೋಡ್ಕೊಂಡ ಬರ್ತೀನಿ. ನಿನ್ನಿ ಹೋದ್ರ ಕೆಳಗಿನ ಟೊಂಗಿ ಒಂದೂ ಇಲ್ಲ. ಡಾಂಬರಿನ ಮ್ಯಾಲ ಬಿದ್ದಾವು, ಗಾಡಿ ಹಾಯ್ತಾವು. ಮೈಯಾಗ ಬೆಂಕಿ ಬಿದ್ದಂಗಾತು."

"ಎಷ್ಟ ಹೊತ್ತಿಗೆ?"

"ಆರು ಹೊಡದಿತ್ತು. ಮದಲ ಮೂರು ಎಳಕೊಂಡ ಬಂದ್ನಿ. ಹೊಳ್ಳಿ ಹೋಗಿ ಮತ್ತ ಮೂರು ತಗೊಂಡ್ನಿ."

"ಲಾರಿ ನಿಂತದ್ದು ಕಂಡಿತ್ತೇನು?"

"ಕಂಡಿತ್ರಿ."

ಪ್ರಮಿಳಾ ಮುಂದಿನ ಪ್ರಶ್ನೆ ಕೇಳುವ ಮೊದಲು ತಡೆದಳು. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಎರಡು ಕಲಂಗಳ ನಡುವಿನ ಅಂತರವಿತ್ತು.

"ಅಜ್ಜಾರ, ನಿಮಗ ವಯಸ್ಸಾಗೈತಿ. ಸಿಟ್ಟಿನ ಭರದಾಗ, ಆ ಟೊಂಗಿ ಯಾಕ ಹಾಕ್ಯಾರ ಅನ್ನೂದು ತಲಿಗೆ ಹೊಳೀಲಿಲ್ಲ. ಹಂಗ ಬರಕೊಳ್ಲೇನು?"

ಈರಯ್ಯ ಪೆನ್ನು ನಿಲ್ಲಿಸಿ ಅವಳನ್ನು ನೋಡಿದ. ಮೇಡಮ್ಮಾರು ಆರೋಪಿಗೆ ತಾವಾಗಿ ಉತ್ತರ ಹೇಳಿಕೊಟ್ಟದ್ದನ್ನು ಅವನು ಇದುವರೆಗೆ ಕಂಡಿರಲಿಲ್ಲ.

"ಬ್ಯಾಡ್ರಿ," ಎಂದ ಭರಮಪ್ಪ. "ಮೂವತ್ತೊಂದ ವರ್ಷ ಈ ಹಾದ್ಯಾಗ ಟೊಂಗಿ ಹಾಕಿದಾಂವ ನಾನ. ತಗ್ಗ ಬಿದ್ದಲ್ಲೆ, ಗಾಡಿ ಕೆಟ್ಟಲ್ಲೆ, ಹೊಸಾ ಹುಡುಗ್ರಿಗೆ ಹೆಂಗ ಹಾಕಬೇಕಂತ ಹೇಳಿಕೊಟ್ಟಾಂವನೂ ನಾನ. ತಗದ್ರ ಯಾರರೆ ಬಡದ ಸಾಯ್ತಾರಂತ ನನಗ ಗೊತ್ತಿತ್ರಿ. ಗೊತ್ತಿದ್ದ ಎಳಕೊಂಡ ಹೋದ್ನಿ."

"ಮತ್ತ ಆ ಮೂರು ಟೊಂಗಿ ಹಿಡಕೊಂಡ ಹೊಳ್ಳಿ ರಸ್ತಾಕ ಯಾಕ ಬಂದ್ರಿ?"

"ಅರ್ಧಾ ಹಾದಿಗೆ ಬರೂದ್ರಾಗ ಸಿಟ್ಟು ಇಳೀತು. ಏನ್ ಮಾಡಾಕತ್ತೀಯೋ ಭರಮ್ಯಾ ಅನ್ಕೊಂಡು ಹೊಳ್ಳಿದ್ನಿ. ಮೂರರೆ ಹಾಕಿ ಬರೂಣಂತ. ಇಪ್ಪತ್ತ ಹೆಜ್ಜಿ ನಡದಿರ್ಬೇಕು, ಸಪ್ಪಳ ಕೇಳ್ತು." ಅವನು ಕಾಲುದಾರಿಯ ಕಡೆಗೆ ಕೈ ತೋರಿಸಿದ. "ಇಪ್ಪತ್ತ ಹೆಜ್ಜಿ ಬಾಯಾರ. ಓಡಿದ್ನಿ. ಕಾಲ ಬರಲಿಲ್ಲ."

ಪ್ರಮಿಳಾಳಿಗೆ ಆ ಮುದುಕನ ಮೇಲೆ ಸಿಟ್ಟು ಬಂತು, ಕರುಣೆ ಬಂತು, ಎರಡರಲ್ಲಿ ಯಾವುದು ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ. ಆರು ಟೊಂಗೆಗಳನ್ನು ಪಂಚರ ಸಮಕ್ಷಮ ಕಿತ್ತು ಜಪ್ತಿ ಮಾಡಲಾಯಿತು. ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ದಸ್ತಗಿರಿ. ಬೀಡಿ ಗ್ರಾಮದಲ್ಲಿರುವ ಅವನ ಮಗಳು ಶಿವಲಿಂಗವ್ವನಿಗೆ ಸುದ್ದಿ ಮುಟ್ಟಿಸಲಾಯಿತು.

ಠಾಣೆಯಲ್ಲಿ ರೂಪಾಲಿ ಕಾದಿದ್ದಳು. ಪ್ರಮಿಳಾ ಎಲ್ಲವನ್ನೂ ಹೇಳಿದಳು. "ಗಿಡದ ಸಲುವಾಗಿ?" ಎಂದು ಕೇಳಿದ ರೂಪಾಲಿ ಆಗ ಅತ್ತಳು. ಅವಳ ಜೊತೆ ಬಂದಿದ್ದ ಗಂಡಸರಿಗೆ ಈ ಸಲ ಕೂಗಲು ಏನೂ ಸಿಗಲಿಲ್ಲ.

ಗನಿಯ ಮೇಲೆ ದಾರಿಗೆ ಅಡ್ಡಿ ಮಾಡಿದ್ದಕ್ಕೆ, ಲೈಟು ಮತ್ತು ತ್ರಿಕೋನ ಇಲ್ಲದ್ದಕ್ಕೆ ಪ್ರಕರಣ ಉಳಿಯಿತು. ಜಾಮೀನಿನ ಮೇಲೆ ಬಿಡುಗಡೆಯೂ ಆಯಿತು. ಲಾರಿಯ ಮಾಲೀಕನಿಗೆ ನೋಟಿಸು ಹೋಯಿತು. ಸಾಯಿರಾ ಖಾಲಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗಂಡನ ಹಿಂದೆ ಬಾಗಿಲು ದಾಟುತ್ತಿದ್ದಳು. ಅದೇ ಹೊತ್ತಿಗೆ ಈರಯ್ಯ ಭರಮಪ್ಪನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಹೊರಟಿದ್ದ. ಗನಿ ನಿಂತ.

"ಅಜ್ಜಾ, ಆ ಗಿಡಾ ನೀ ಜ್ವಾಪಾನ ಮಾಡಿದ್ದಂತ ಗೊತ್ತಿದ್ರ ನಾ ಕೊಡ್ಲಿ ಹಚ್ತಿರಲಿಲ್ಲ."

ಭರಮಪ್ಪ ಅವನ ಒಡೆದ ತುಟಿಯನ್ನು ನೋಡಿದ.

"ನೀ ಮಾಡಿದ್ದು ಬರೋಬ್ಬರಿ ಐತಿ ತಮ್ಮಾ. ನಿನ್ನ ಜಾಗಾದಾಗ ನಾ ಇದ್ರೂ ಅದನ್ನ ಕಡೀತಿದ್ನಿ."

ಸಂಜೆ 4 ಗಂಟೆ 30 ನಿಮಿಷಕ್ಕೆ ಆರೋಪಿಯನ್ನು ಕಲಂ 105ರಡಿ ಹಾಜರುಪಡಿಸಲಾಯಿತು. ನ್ಯಾಯಾಂಗ ಬಂಧನಕ್ಕೆ ಆದೇಶವಾಗಿ ಹಿಂಡಲಗಾಕ್ಕೆ ಕಳಿಸಲಾಯಿತು. ಕೃತ್ಯದ ಕಾರಣ ಎಂಬಲ್ಲಿ ಪ್ರಮಿಳಾ ಬರೆದದ್ದು ಒಂದೇ ಸಾಲು: 'ತಾನು ನೆಟ್ಟು ಬೆಳೆಸಿದ ಮರಗಳಲ್ಲಿ ಉಳಿದಿದ್ದ ಒಂದರ ಟೊಂಗೆ ಕಡಿದದ್ದರಿಂದ ಉಂಟಾದ ಕೋಪ.' ನಂತರ ಇನ್ನೊಂದು ಹಾಳೆ ತೆಗೆದುಕೊಂಡಳು. ಆರೋಪಿಯು ಕೋಪ ಇಳಿದು, ಮೂರು ಟೊಂಗೆಗಳೊಡನೆ, ಅಪಘಾತಕ್ಕೆ ಮೊದಲು ಇಪ್ಪತ್ತು ಹೆಜ್ಜೆ ಹಿಂದಿರುಗಿ ಬಂದಿದ್ದನೆಂದು ಬರೆದು, ಸಾತವ್ವನ ಹೇಳಿಕೆಯ ಜೊತೆಗೆ ಲಗತ್ತಿಸಿದಳು. ಹಾಗೆ ಬರೆಯಲು ಅವಳಿಗೆ ಯಾರೂ ಹೇಳಿರಲಿಲ್ಲ.